1666: ಒಂದೇ ವರ್ಷ, ನೂರೆಂಟು ಪ್ರಶ್ನೆಗಳು

ಹದಿನೇಳನೇ ಶತಮಾನದ ಒಂದೇ ಒಂದು ವರ್ಷವನ್ನು ಹಿಡಿದು ಮಾತಾಡುವ ಚಟ ನನಗೆ ಅಂಟಿ ಬಹಳ ಕಾಲವಾಯಿತು. ಶಾಲೆ, ವಾಚನಾಲಯ, ಕೆಲವೊಮ್ಮೆ ಮದುವೆಮನೆಯ ಊಟದ ಪಂಕ್ತಿ, ಎಲ್ಲಿ ಬಾಯಿ ಬಿಟ್ಟರೂ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ.

## ಎಲ್ಲರೂ ಕೇಳುವವು

ಅಷ್ಟೊಂದು ವರ್ಷ ಇರುವಾಗ 1666ನ್ನೇ ಯಾಕೆ ಹಿಡ್ಕೊಂಡ್ರಿ?

ನನ್ನನ್ನು ಮೊದಲು ಎಳೆದದ್ದು ಒಂದು ಮಕ್ಕಳಾಟ. ರೋಮನ್ ಅಂಕಿಗಳಲ್ಲಿ ಸಾವಿರ, ಐನೂರು, ನೂರು, ಐವತ್ತು, ಹತ್ತು, ಐದು, ಒಂದು ಎಂದು ಏಳು ಅಕ್ಷರಗಳಿವೆ. ದೊಡ್ಡದರಿಂದ ಚಿಕ್ಕದಕ್ಕೆ ಒಂದೊಂದನ್ನು ಒಂದೇ ಸಲ ಬರೆದು ಕೂಡಿ ನೋಡಿ, ಸರಿಯಾಗಿ 1666 ಬರುತ್ತದೆ. ಆ ಮೋಜಿನ ಹಿಂದೆ ಹೋದಾಗ ಸಿಕ್ಕಿದ್ದು ಶಿವಾಜಿ ಆಗ್ರಾದಿಂದ ತಪ್ಪಿಸಿಕೊಂಡದ್ದು, ಲಂಡನ್ ಸುಟ್ಟದ್ದು, ನ್ಯೂಟನ್ ಬೆಳಕನ್ನು ಒಡೆದದ್ದು, ಷಹಜಹಾನ್ ಸತ್ತದ್ದು. ನಾವು ಬೇರೆ ಬೇರೆ ಪಾಠಗಳಲ್ಲಿ, ಬೇರೆ ಬೇರೆ ಮೇಷ್ಟ್ರ ಬಳಿ ಓದಿದ ಸಂಗತಿಗಳೆಲ್ಲ ಒಂದೇ ಹನ್ನೆರಡು ತಿಂಗಳಲ್ಲಿ ನಡೆದಿದ್ದವು.

666 ಅಂದ್ರೆ ಸೈತಾನನ ಸಂಖ್ಯೆ ಅಲ್ವಾ? ಆಗಿನ ಜನ ಹೆದರಲಿಲ್ವಾ?

ಹೆದರಿದ್ದರು. ಬೈಬಲ್ಲಿನ ಕೊನೆಯ ಭಾಗದಲ್ಲಿ 666 ಎನ್ನುವುದು ಒಂದು ಮೃಗದ ಸಂಖ್ಯೆ. ಹಾಗಾಗಿ ಯುರೋಪಿನ ಕ್ರೈಸ್ತರಲ್ಲಿ ಒಂದು ವರ್ಗ ಈ ವರ್ಷದ ಮೇಲೆ ದಶಕಗಳಿಂದಲೇ ಕಣ್ಣಿಟ್ಟಿತ್ತು. ಇಂಗ್ಲೆಂಡಿನಲ್ಲಂತೂ 1665ರ ಪ್ಲೇಗು, ಡಚ್ಚರ ಮೇಲಿನ ಯುದ್ಧ, ಆಮೇಲೆ ಬೆಂಕಿ ಒಂದರ ಹಿಂದೊಂದು ಬಂದದ್ದರಿಂದ ಭವಿಷ್ಯ ಹೇಳುವವರಿಗೆ ಸುಗ್ಗಿ. ಲೋಕವೇನೂ ಮುಳುಗಲಿಲ್ಲ.

ನಮ್ಮ ಪಂಚಾಂಗದಲ್ಲಿ ಅದು ಯಾವ ಸಂವತ್ಸರ?

ಶಾಲಿವಾಹನ ಶಕ 1588, ಪರಾಭವ ಸಂವತ್ಸರ. 1666ರ ಯುಗಾದಿಯಿಂದ ಅದು ಶುರು. ಅದಕ್ಕೆ ಮುಂಚಿನ ಜನವರಿ, ಫೆಬ್ರುವರಿ ಎಲ್ಲ ವಿಶ್ವಾವಸುವಿಗೆ ಸೇರಿದವು. ಅರವತ್ತರ ಚಕ್ರ ಆರು ಸುತ್ತು ತಿರುಗಿದರೆ 360 ವರ್ಷ, ಅಂದರೆ 2026ರ ಯುಗಾದಿಗೆ ಬರುವುದೂ ಪರಾಭವವೇ. ಹೆಸರು ಕೇಳಿ ಗಾಬರಿಯಾಗಬೇಡಿ. 1666ರಲ್ಲಿ ಪರಾಭವ ಆದವರು ಇದ್ದರು, ಗೆದ್ದವರೂ ಇದ್ದರು.

ಲಂಡನ್ನಿಗೆ ಬೆಂಕಿ ಬಿದ್ದದ್ದು ಹೇಗೆ? ಯಾರೋ ಬೇಕಂತ ಇಟ್ಟದ್ದಾ?

ಸೆಪ್ಟೆಂಬರ್ 2, ಭಾನುವಾರದ ನಸುಕಿಗೂ ಮುಂಚೆ ಪುಡ್ಡಿಂಗ್ ಲೇನ್ ಎಂಬ ಗಲ್ಲಿಯಲ್ಲಿ ಥಾಮಸ್ ಫ್ಯಾರಿನರ್ ಎಂಬವನ ಬೇಕರಿಯಿಂದ ಬೆಂಕಿ ಎದ್ದಿತು. ಬೇಸಿಗೆ ಒಣಗಿತ್ತು, ಮನೆಗಳು ಮರದವು, ಪೂರ್ವದಿಂದ ಗಾಳಿ ಬೀಸುತ್ತಿತ್ತು. ಸುತ್ತಲ ಮನೆಗಳನ್ನು ಕೂಡಲೇ ಕೆಡವಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತೇನೋ. ಮೇಯರ್ ಥಾಮಸ್ ಬ್ಲಡ್‌ವರ್ತ್ ಬಂದು ನೋಡಿ, ಇದೇನು ಮಹಾ, ಒಬ್ಬ ಹೆಂಗಸು ಉಚ್ಚೆ ಹೊಯ್ದು ಆರಿಸಬಹುದು ಎಂಬರ್ಥದ ಮಾತಾಡಿ ಹಿಂತಿರುಗಿದನಂತೆ. ಬುಧವಾರ ಗಾಳಿ ಇಳಿಯುವ ಹೊತ್ತಿಗೆ 13,200 ಮನೆ, 87 ಚರ್ಚು, ಸೇಂಟ್ ಪಾಲ್ಸ್ ಕೆಥೆಡ್ರಲ್ ಎಲ್ಲ ಬೂದಿ. ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತೋಟದಲ್ಲಿ ಗುಂಡಿ ತೋಡಿ ವೈನಿನ ಜೊತೆ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಜೀವದ ಭಯದಲ್ಲೂ ಚೀಸ್ ನೆನಪಾದ ಮನುಷ್ಯ.

ಬೇಕಂತ ಇಟ್ಟದ್ದೇ ಎಂದು ಆಗಿನ ಜನ ನಂಬಿದ್ದರು. ಫ್ರೆಂಚರು, ಡಚ್ಚರು, ಕ್ಯಾಥಲಿಕರು ಕಂಡಲ್ಲಿ ಹೊಡೆತ ತಿಂದರು. ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ತರುಣ ತಾನೇ ಹಚ್ಚಿದ್ದು ಎಂದು ಒಪ್ಪಿಕೊಂಡ, ಗಲ್ಲಿಗೂ ಹಾಕಿದರು. ಬೆಂಕಿ ಹತ್ತಿದಾಗ ಅವನು ಲಂಡನ್ನಿಗೆ ಬಂದೇ ಇರಲಿಲ್ಲ ಎಂಬುದು ಆಮೇಲೆ ತಿಳಿದ ವಿಚಾರ. ಬೆಂಕಿಯ ನೆನಪಿಗೆ ಕಟ್ಟಿದ 202 ಅಡಿಯ ಸ್ತಂಭದ ಮೇಲೆ ಕ್ಯಾಥಲಿಕರನ್ನು ದೂರುವ ಸಾಲನ್ನು ಕೆತ್ತಿದ್ದರು, ಅದನ್ನು ಕೊನೆಗೂ ಅಳಿಸಿದ್ದು 1830ರಲ್ಲಿ.

ಅಷ್ಟು ದೊಡ್ಡ ಬೆಂಕಿಯಲ್ಲಿ ಸತ್ತದ್ದು ಬರೀ ಆರು ಜನವಂತೆ? ಪ್ಲೇಗು ಹೋದದ್ದೂ ಬೆಂಕಿಯಿಂದಲೇ ಅಂತೆ?

ದಾಖಲೆಯಲ್ಲಿರುವುದು ಬೆರಳೆಣಿಕೆಯ ಸಾವು ಎನ್ನುವುದು ಸರಿ. ಆದರೆ ಬಡವರ ಸಾವು ದಾಖಲೆಗೆ ಬರುವುದು ಕಡಿಮೆ, ಅಂಥ ಕಾವಿನಲ್ಲಿ ಮೈ ಗುರುತಿಗೆ ಸಿಗುವುದೂ ಕಷ್ಟ. ನಾನಂತೂ ಆರು ಎಂಬ ಅಂಕಿಯನ್ನು ನಂಬುವುದಿಲ್ಲ.

ಪ್ಲೇಗಿನ ಮಾತು ಬೇರೆ. 1665ರಲ್ಲಿ ಲೆಕ್ಕಕ್ಕೆ ಸಿಕ್ಕ ಪ್ಲೇಗಿನ ಸಾವೇ 68,000 ದಾಟಿತ್ತು. ಆದರೆ ಅದರ ಹಾವಳಿ ಹೆಚ್ಚಿದ್ದದ್ದು ಕೋಟೆಯ ಹೊರಗಿನ ಬಡ ಬಡಾವಣೆಗಳಲ್ಲಿ. ಬೆಂಕಿ ಸುಟ್ಟದ್ದು ಬಹುಪಾಲು ಕೋಟೆಯ ಒಳಗನ್ನು. ಜೊತೆಗೆ ಬೆಂಕಿ ಬೀಳುವ ಹೊತ್ತಿಗೆ ಪ್ಲೇಗು ತಾನಾಗಿಯೇ ಇಳಿಮುಖವಾಗಿತ್ತು.

ನ್ಯೂಟನ್ ತಲೆ ಮೇಲೆ ಸೇಬು ಬಿದ್ದದ್ದು ಆ ವರ್ಷವೇನಾ?

ತಲೆ ಮೇಲೆ ಬೀಳಲಿಲ್ಲ. ಮರದಿಂದ ಬಿದ್ದ ಸೇಬು ತನ್ನನ್ನು ಯೋಚನೆಗೆ ಹಚ್ಚಿತು ಎಂದು ಮುಪ್ಪಿನಲ್ಲಿ, 1726ರಲ್ಲಿ, ನ್ಯೂಟನ್ನನೇ ಗೆಳೆಯ ಸ್ಟಕ್ಲಿಗೆ ಹೇಳಿದ್ದ. ಪ್ಲೇಗಿನಿಂದ ಕೇಂಬ್ರಿಜ್ ಮುಚ್ಚಿತ್ತು, 23ರ ಹುಡುಗ ಊರಿನ ಮನೆಯಲ್ಲಿದ್ದ. ಆ ಒಂದೂವರೆ ಎರಡು ವರ್ಷದಲ್ಲಿ ಕಲನಶಾಸ್ತ್ರದ ಬುನಾದಿ, ಪಟ್ಟಕದಿಂದ ಬಿಳಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಪ್ರಯೋಗ, ಚಂದ್ರನನ್ನು ಹಿಡಿದಿಟ್ಟಿರುವ ಸೆಳೆತದ ಮೊದಲ ಲೆಕ್ಕ, ಮೂರಕ್ಕೂ ಕೈ ಹಾಕಿದ. ಎಲ್ಲವೂ 1666ರಲ್ಲೇ ಮುಗಿಯಿತು ಎನ್ನುವುದು ಮಾತ್ರ ಉಬ್ಬಿಸಿದ ಕತೆ. ಬೆಳಕಿನ ಲೇಖನ ಅಚ್ಚಾದದ್ದು 1672ರಲ್ಲಿ, ಗುರುತ್ವದ ಪುಸ್ತಕ 1687ರಲ್ಲಿ. ಕೊರೊನಾ ರಜೆಯಲ್ಲಿ ನಾವೇನು ಸಾಧಿಸಿದೆವು ಎಂದು ಹಲುಬುವವರು ಈ ಇಪ್ಪತ್ತು ವರ್ಷವನ್ನೂ ಲೆಕ್ಕಕ್ಕೆ ಹಿಡಿಯಲಿ.

ಷಹಜಹಾನ್ ಜೈಲಿನಲ್ಲಿ ತಾಜ್‌ಮಹಲ್ ನೋಡುತ್ತಾ ಸತ್ತನಂತೆ, ನಿಜವಾ?

ಕತ್ತಲೆ ಕೋಣೆಯ ಜೈಲಲ್ಲ, ಆಗ್ರಾ ಕೋಟೆಯ ಅರಮನೆಯಲ್ಲೇ ಗೃಹಬಂಧನ. 1658ರಲ್ಲಿ ಮಗ ಔರಂಗಜೇಬ ಅಲ್ಲಿ ಕೂಡಿಹಾಕಿದ. ಮಗಳು ಜಹಾನಾರಾ ತಾನಾಗಿ ಜೊತೆಗಿದ್ದು ನೋಡಿಕೊಂಡಳು. 1666ರ ಆರಂಭದಲ್ಲಿ, 74ರ ವಯಸ್ಸಿನಲ್ಲಿ ಅವನು ತೀರಿಕೊಂಡ. ಕೋಟೆಯಿಂದ ಯಮುನೆಯ ತಿರುವಿನಾಚೆ ತಾಜ್ ಕಾಣುವುದಂತೂ ನಿಜ, ಹೋದವರೆಲ್ಲ ನೋಡಿದ್ದೀರಿ. ಚಕ್ರವರ್ತಿಗೆ ತಕ್ಕ ಮೆರವಣಿಗೆಯಿಲ್ಲದೆ ದೇಹವನ್ನು ಅಲ್ಲಿಗೆ ಒಯ್ದು ಮುಮ್ತಾಜಳ ಪಕ್ಕ ಮಣ್ಣು ಮಾಡಿದರು. ಅಪ್ಪ ಸತ್ತ ಮೇಲೆ ಔರಂಗಜೇಬ ಆಗ್ರಾಕ್ಕೆ ಬಂದು ದರ್ಬಾರು ಹೂಡಿದ. ಮುಂದಿನ ಪ್ರಶ್ನೆಗೂ ಇದಕ್ಕೂ ನಂಟಿದೆ.

ಶಿವಾಜಿ ಮಿಠಾಯಿ ಬುಟ್ಟಿಯಲ್ಲಿ ಕೂತು ಪಾರಾದದ್ದು ಕತೆಯೋ ನಿಜವೋ?

ಪಾರಾದದ್ದು ನಿಜ, ಬುಟ್ಟಿಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1665ರ ಪುರಂದರ ಒಪ್ಪಂದದಲ್ಲಿ ಮೊಘಲರಿಗೆ 23 ಕೋಟೆ ಬಿಟ್ಟುಕೊಟ್ಟ ಶಿವಾಜಿ, ಮೊಘಲ್ ಸೇನಾಪತಿ ಮಿರ್ಜಾ ರಾಜಾ ಜಯಸಿಂಹನ ಒತ್ತಾಯಕ್ಕೆ ಆಗ್ರಾಕ್ಕೆ ಹೋದರು. ಮೇ 12ರಂದು ಔರಂಗಜೇಬನ ಚಾಂದ್ರಮಾನ ಲೆಕ್ಕದ ಹುಟ್ಟುಹಬ್ಬದ ದರ್ಬಾರು. ಅಲ್ಲಿ ಐದು ಸಾವಿರದ ದರ್ಜೆಯ ಮನ್ಸಬ್‌ದಾರರ (ಮೊಘಲ್ ಅಧಿಕಾರಿಗಳ) ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಕೆರಳಿ, ಎಲ್ಲರೆದುರೇ ಸಿಡಿದು ಹೊರನಡೆದರು. ಅವತ್ತಿನಿಂದ ಬಿಡಾರದ ಸುತ್ತ ಪಹರೆ.

ಆಮೇಲಿನದು ತಾಳ್ಮೆಯ ಕೆಲಸ. ಜೊತೆಗೆ ಬಂದ ಪಡೆಯನ್ನು ಮೊದಲು ಊರಿಗೆ ಕಳಿಸಿದರು, ಕಾಯಿಲೆ ಎಂದು ಮಲಗಿದರು, ಬ್ರಾಹ್ಮಣರಿಗೆ, ಫಕೀರರಿಗೆ ದೊಡ್ಡ ದೊಡ್ಡ ಬುಟ್ಟಿಯಲ್ಲಿ ಸಿಹಿ ಹಂಚತೊಡಗಿದರು. ದಿನಾ ಬುಟ್ಟಿ ಬಿಚ್ಚಿ ನೋಡಿ ಕಾವಲಿನವರಿಗೆ ಬೇಸರ ಬಂದ ಮೇಲೆ, ಶ್ರಾವಣ ಬಹುಳ ದ್ವಾದಶಿಯ ದಿನ ಹಾಸಿಗೆಯಲ್ಲಿ ನಂಬಿಕಸ್ಥ ಹಿರೋಜಿ ಫರ್ಜಂದ ಮುಸುಕು ಹೊದ್ದು ಮಲಗಿದ, ಶಿವಾಜಿ ಮತ್ತು ಒಂಬತ್ತು ವರ್ಷದ ಸಂಭಾಜಿ ಹೊರಬಿದ್ದರು. ವೇಷ ಹಾಕಿ ನಡೆದುಹೋದರೆನ್ನುವವರೂ ಇದ್ದಾರೆ. ತಲುಪಿದ್ದು ರಾಜಗಡಕ್ಕೆ. ರಾಯಗಡ ರಾಜಧಾನಿಯಾದದ್ದು ಆಮೇಲೆ. ಕ್ವಿಜ್‌ಗಳಲ್ಲಿ ಈ ತಪ್ಪು ಬಹಳ.

ಜಾಮೀನು ನಿಂತಿದ್ದ ಜಯಸಿಂಹನ ಮಗ ರಾಮಸಿಂಹ ಬಾದಶಹನ ಸಿಟ್ಟಿಗೆ ಗುರಿಯಾದ. 1671ರಲ್ಲಿ ಅಸ್ಸಾಮಿನ ಸರಾಯಿಘಾಟ್‌ನಲ್ಲಿ ಅಹೋಮರ ದಂಡನಾಯಕ ಲಾಚಿತ್ ಬರ್ಫುಕನ್ ಸೋಲಿಸಿದ ಮೊಘಲ್ ಸೇನಾಪತಿ ಇವನೇ.

## ಸ್ವಲ್ಪ ಆಳಕ್ಕೆ ಇಳಿದವರು ಕೇಳುವವು

ಆ ವರ್ಷ ನಮ್ಮ ಕರ್ನಾಟಕದಲ್ಲಿ ಏನಾಯ್ತು? ಅದನ್ನ ಯಾರೂ ಹೇಳಲ್ಲ.

ಹೇಳಬೇಕಾದ್ದೇ. ಆ ವರ್ಷ ಮೊಘಲರು ದಕ್ಷಿಣದಲ್ಲಿ ಮುಖಭಂಗ ತಿಂದದ್ದು ವಿಜಯಪುರದ ಹೊಸ್ತಿಲಲ್ಲಿ. ಪುರಂದರ ಒಪ್ಪಂದದ ಹುರುಪಿನಲ್ಲಿ ಜಯಸಿಂಹ 1665ರ ನವೆಂಬರಿನಲ್ಲಿ ಆದಿಲ್‌ಶಾಹಿಯ ಮೇಲೆ ದಂಡೆತ್ತಿದ. ಶಿವಾಜಿ ಆಗ ಅವನ ಪಕ್ಷ. ಎದುರು ಪಕ್ಷದಲ್ಲಿ ಅವರ ಮಲತಮ್ಮ ಏಕೋಜಿ. ಅಪ್ಪ ಷಹಾಜಿಯ ಬೆಂಗಳೂರು ಜಹಗೀರು ಇದ್ದದ್ದು ಅವನ ಕೈಯಲ್ಲಿ. ಷಹಾಜಿ ಚನ್ನಗಿರಿಯ ಹತ್ತಿರ ಹೋದಿಗೆರೆಯಲ್ಲಿ ತೀರಿಕೊಂಡು ಇನ್ನೂ ಎರಡು ವರ್ಷವಾಗಿತ್ತಷ್ಟೆ.

ಡಿಸೆಂಬರ್ ಕೊನೆಗೆ ಮೊಘಲ್ ಪಡೆ ಊರಿಂದ ಹನ್ನೆರಡು ಮೈಲಿ ದೂರಕ್ಕೆ ಬಂತು. ಎರಡನೇ ಅಲಿ ಆದಿಲ್ ಶಾಹ ಕಾದಾಟಕ್ಕಿಂತ ಮೊದಲು ಮಾಡಿದ ಕೆಲಸ ನೋಡಿ: ಸುತ್ತಲಿನ ಬಾವಿ ಮುಚ್ಚಿಸಿದ, ಕೆರೆ ಬರಿದು ಮಾಡಿಸಿದ, ನೆರಳಿಗೊಂದು ಮರ ಉಳಿಯದಂತೆ ಕಡಿಸಿದ, ಗೋಡೆ ಭದ್ರಪಡಿಸಿ ಕರ್ನಾಟಕದ ಕಾಲಾಳುಗಳನ್ನು ಒಳಗೆ ತುಂಬಿಕೊಂಡ. ಇನ್ನೊಂದು ಕಡೆ ಅವನ ಸರದಾರ ಶರ್ಜಾ ಖಾನನ ಕುದುರೆಗಳು ಮೊಘಲರ ಸೀಮೆಗೇ ನುಗ್ಗಿ ಹಾವಳಿ ಎಬ್ಬಿಸಿದವು. ಬೇಗ ಮುಗಿಸಬಹುದೆಂದು ಜಯಸಿಂಹ ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ಹಿಂದೆ ಪರಾಂಡದಲ್ಲೇ ಬಿಟ್ಟು ಬಂದಿದ್ದ. ನೀರಿಲ್ಲ, ಮೇವಿಲ್ಲ, ತೋಪಿಲ್ಲ. 1666ರ ಜನವರಿ ಮೊದಲ ವಾರದಲ್ಲೇ ಅವನು ಹಿಂದೆ ಸರಿದ. ವಿಜಯಪುರದ ಬಿಸಿಲು ಕಂಡವರಿಗೆ ಬಾವಿ ಮುಚ್ಚಿಸಿದ್ದರ ಅರ್ಥ ವಿವರಿಸಬೇಕಿಲ್ಲ.

ಅದೇ ತಿಂಗಳು ಶಿವಾಜಿ ಪನ್ಹಾಳದ ಮೇಲೆ ಬಿದ್ದು ಸೋತರು. ಅವರ ಸೇನಾಪತಿ ನೇತಾಜಿ ಪಾಲ್ಕರ್ ಆದಿಲ್‌ಶಾಹಿಗೆ ಹೋಗಿ ಸೇರಿಕೊಂಡ. ಇಂಥ ಹೊತ್ತಿನಲ್ಲಿ ಶಿವಾಜಿಯನ್ನು ದಖ್ಖಣದಿಂದ ದೂರ ಇಡುವುದೇ ಕ್ಷೇಮ ಎಂದು ಜಯಸಿಂಹನಿಗೆ ಅನಿಸಿತು. ಆಗ್ರಾ ಪ್ರಯಾಣದ ಬೇರು ಹೀಗೆ ವಿಜಯಪುರದ ಒಣ ಬಾವಿಗಳಲ್ಲಿದೆ. ಅವಮಾನ, ಸಾಲ ಎರಡನ್ನೂ ಹೊತ್ತು ಜಯಸಿಂಹ ಮರುವರ್ಷ ಬುರ್ಹಾನಪುರದಲ್ಲಿ ಸತ್ತ. ವಿಜಯಪುರ ಇನ್ನೂ ಇಪ್ಪತ್ತು ವರ್ಷ, 1686ರವರೆಗೆ, ತಾಳಿತು.

ಮೈಸೂರಿನಲ್ಲಿ ಆಗ ದೊಡ್ಡದೇವರಾಜ ಒಡೆಯರ ಆಳ್ವಿಕೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಅವರದೇ ಕಾಲದ್ದು.

ಬಾಂಗ್ಲಾದ ಚಟ್ಟಗ್ರಾಮ ಆ ವರ್ಷದವರೆಗೆ ಬಂಗಾಳಕ್ಕೆ ಸೇರಿರಲಿಲ್ವಾ?

ಇವತ್ತಿನ ಮ್ಯಾನ್ಮಾರ್ ಕರಾವಳಿಯ ಅರಾಕಾನ್ ರಾಜರ ಕೈಯಲ್ಲಿತ್ತು. ಅವರ ಆಸರೆಯಲ್ಲಿ ಪೋರ್ಚುಗೀಸ್ ಮೂಲದ ಫಿರಂಗಿ ಕಡಲ್ಗಳ್ಳರು ನದಿಗಳೊಳಗೆ ನುಗ್ಗಿ ಜನರನ್ನು ಹಿಡಿದು ಗುಲಾಮರಾಗಿ ಮಾರುತ್ತಿದ್ದರು. ಬಂಗಾಳದ ಸುಬೇದಾರ ಶಾಯಿಸ್ತಾ ಖಾನ್ ಮೊದಲು ಆ ಫಿರಂಗಿಗಳನ್ನೇ ಒಲಿಸಿಕೊಂಡ, ಆಮೇಲೆ ಮಗ ಬುಜುರ್ಗ್ ಉಮೇದ್ ಖಾನನನ್ನು ಕಳಿಸಿ 1666ರ ಜನವರಿಯಲ್ಲಿ ಊರು ಗೆದ್ದ. ಪುಣೆಯಲ್ಲಿ ಶಿವಾಜಿಯಿಂದ ಬೆರಳು ಕಳೆದುಕೊಂಡವನು ಇದೇ ಶಾಯಿಸ್ತಾ ಖಾನ್.

ಒಬ್ಬ ಯೆಹೂದಿ 'ಮೆಸ್ಸೀಯ' ಮುಸ್ಲಿಮನಾದ ಅಂತ ಎಲ್ಲೋ ಓದಿದೆ. ಏನದು?

ಹೆಸರು ಸಬ್ಬತಾಯ್ ಜ್ವಿ, ತುರ್ಕಿಯ ಸ್ಮಿರ್ನಾದವನು. ಇವನೇ ಬರಬೇಕಿದ್ದ ಉದ್ಧಾರಕ ಎಂದು 1665ರಲ್ಲಿ ಗಾಜಾದ ನೇಥನ್ ಸಾರಿದ. ಯೆಮೆನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ ಯೆಹೂದಿಗಳು ಕುಣಿದಾಡಿದರು, ಆಸ್ತಿ ಮಾರಿದರು. ಗ್ಲ್ಯೂಕೆಲ್ ಎಂಬ ಜರ್ಮನ್ ಯೆಹೂದಿ ಮಹಿಳೆಯ ನೆನಪುಗಳಲ್ಲಿ ನನ್ನನ್ನು ಕಾಡುವ ಒಂದು ವಿವರವಿದೆ. ಅವಳ ಮಾವ ಪುಣ್ಯಭೂಮಿಗೆ ಹೊರಡುವ ಆಸೆಯಿಂದ ಬಟಾಣಿ, ಬೀನ್ಸ್, ಒಣಮಾಂಸ, ನಾರುಬಟ್ಟೆ ತುಂಬಿದ ಪೀಪಾಯಿಗಳನ್ನು ಹ್ಯಾಂಬರ್ಗಿಗೆ ಕಳಿಸಿದ. ಕರೆ ಬರಲಿಲ್ಲ. ಪೀಪಾಯಿಗಳು ವರ್ಷಗಟ್ಟಲೆ ಅಲ್ಲೇ ಕೂತವು.

ಕರೆ ಬರದ ಕಾರಣ ಇಷ್ಟೆ: ಸುಲ್ತಾನ ನಾಲ್ಕನೇ ಮೆಹಮದನ ಮುಂದೆ ನಿಲ್ಲಿಸಿ ಮತ ಬದಲಿಸು, ಇಲ್ಲವೇ ಸಾಯಿ ಎಂದಾಗ, ಸೆಪ್ಟೆಂಬರ್ 16ರಂದು ಸಬ್ಬತಾಯ್ ರುಮಾಲು ಸುತ್ತಿಕೊಂಡ. ಬಹುಪಾಲು ಜನ ನಾಚಿ ಮನೆ ಸೇರಿದರು. ಅದರಲ್ಲೂ ಗುಟ್ಟಿದೆ ಎಂದು ನಂಬಿ ಹಿಂದೆಯೇ ಮತ ಬದಲಿಸಿದವರೂ ಇದ್ದರು; ಅವರ ಪರಂಪರೆಯೇ ತುರ್ಕಿಯ ಡೋನ್ಮೆಗಳು.

ಕೊರಿಯಾದಿಂದ ಡಚ್ಚರು ಓಡಿಬಂದದ್ದೂ ಆಗಲೇ ಅಂತೆ?

ಹೌದು. 1653ರಲ್ಲಿ ಡಚ್ ಕಂಪನಿಯ ಸ್ಪೆರ್ವೆರ್ ಹಡಗು ಜೆಜು ದ್ವೀಪದ ಬಳಿ ಒಡೆಯಿತು. 64 ಮಂದಿಯಲ್ಲಿ ಬದುಕಿದ್ದು 36. ಬಂದ ಪರದೇಶಿಯನ್ನು ವಾಪಸು ಬಿಡುವುದಿಲ್ಲ ಎಂಬುದು ಆಗಿನ ಕೊರಿಯಾದ ಕಟ್ಟಳೆ. ಹದಿಮೂರು ವರ್ಷ ಕಾದು, ದೋಣಿಯೊಂದನ್ನು ಕೊಂಡು, ಸೆಪ್ಟೆಂಬರ್ 4ರ ರಾತ್ರಿ ಹೆಂಡ್ರಿಕ್ ಹಾಮೆಲ್ ಸೇರಿ ಎಂಟು ಜನ ಜಪಾನಿನತ್ತ ಜಾರಿಕೊಂಡರು. ಹಾಮೆಲ್ ಬರೆದ ವರದಿಯೇ ಯುರೋಪಿಗೆ ಕೊರಿಯಾದ ಮೊದಲ ವಿವರವಾದ ಪರಿಚಯ. ಅದನ್ನು ಬರೆದ ಉದ್ದೇಶಗಳಲ್ಲಿ ಹದಿಮೂರು ವರ್ಷದ ಬಾಕಿ ಸಂಬಳವೂ ಒಂದು.

ಚೀನಾ, ಜಪಾನ್‌ನಲ್ಲಿ?

ಚೀನಾದಲ್ಲಿ ಚಕ್ರವರ್ತಿ ಕಾಂಗ್‌ಶಿ ಇನ್ನೂ ಹನ್ನೆರಡರ ಹುಡುಗ, ಅಧಿಕಾರವೆಲ್ಲ ಪ್ರತಿನಿಧಿಗಳ ಕೈಯಲ್ಲಿ. ಆಗಸ್ಟಿನಲ್ಲಿ ಬೀಜಿಂಗ್‌ನಲ್ಲಿ ಪಾದ್ರಿ ಆಡಮ್ ಶಾಲ್ ಸತ್ತ. ಚೀನಾದ ಪಂಚಾಂಗ ತಿದ್ದಿದ ಜ್ಯೋತಿರ್ವಿಜ್ಞಾನಿ ಅವನು. ಎದುರಾಳಿ ಯಾಂಗ್ ಗುವಾಂಗ್‌ಶಿಯಾನ್ ಹೂಡಿದ ಮೊಕದ್ದಮೆಯಲ್ಲಿ ಮರಣದಂಡನೆಯೇ ಆಗಿತ್ತು. 1665ರ ಭೂಕಂಪ ದೈವದ ಮುನಿಸಿನಂತೆ ಕಂಡು ಅವನನ್ನು ಬಿಟ್ಟರು. ಅವನ ಚೀನೀ ಸಹಾಯಕರು ಐವರಿಗೆ ಆ ಭಾಗ್ಯವಿರಲಿಲ್ಲ, ತಲೆ ಹೋಯಿತು. ಜಪಾನಿನ ಶೋಗುನ್ ಸರ್ಕಾರ ಅದೇ ವರ್ಷ ಹೊರಡಿಸಿದ ಆಜ್ಞೆಯನ್ನು ಇವತ್ತಿನ ಮಲೆನಾಡಿನವರು ಓದಬೇಕು: ಗುಡ್ಡದ ಮರಗಳ ಬೇರು ಕೀಳಬೇಡಿ, ಮಣ್ಣು ಹೊಳೆಗೆ ಇಳಿಯುತ್ತದೆ, ಬೋಳಾದ ಕಡೆ ಸಸಿ ನೆಡಿ.

ಆಫ್ರಿಕಾ, ಅಮೆರಿಕ ಎರಡನ್ನೂ ಬಿಟ್ಟೇಬಿಟ್ರಲ್ಲ?

ಬಿಟ್ಟಿಲ್ಲ. ಮೊರಾಕ್ಕೊದಲ್ಲಿ ಅಲಾವಿ ಮನೆತನದ ಮೌಲೆ ರಶೀದ್ ಫೆಜ್ ನಗರ ಹಿಡಿದ. ಇವತ್ತಿನ ಅಲ್ಲಿನ ದೊರೆಯೂ ಅದೇ ಮನೆತನದವನು. ಕೇಪ್ ಟೌನ್‌ನಲ್ಲಿ ಜನವರಿ 2ರಂದು ಡಚ್ಚರು ನಕ್ಷತ್ರದಾಕಾರದ ಕಲ್ಲಿನ ಕೋಟೆಗೆ ಅಡಿಗಲ್ಲು ಹಾಕಿದರು. ಕೆನಡಾದ ಫ್ರೆಂಚ್ ವಸಾಹತಿನಲ್ಲಿ ಆಡಳಿತಗಾರ ಜೀನ್ ತಾಲೋಂ ಮನೆಮನೆ ಜನಗಣತಿ ಮಾಡಿಸಿದ: 3,215 ಜನ, ಅದರಲ್ಲಿ ಗಂಡಸರು 2,034, ಹೆಂಗಸರು 1,181. ಮೂಲನಿವಾಸಿಗಳು ಲೆಕ್ಕದಲ್ಲೇ ಇಲ್ಲ. ಅದೇ ಶರತ್ಕಾಲದಲ್ಲಿ ಫ್ರೆಂಚ್ ಪಡೆ ಮೂಲನಿವಾಸಿ ಮೊಹಾಕರ ಹಳ್ಳಿಗಳನ್ನೂ ಕೂಡಿಟ್ಟ ಜೋಳವನ್ನೂ ಸುಟ್ಟುಹಾಕಿತು.

ರಷ್ಯಾದಲ್ಲಿ ಎರಡು ಬೆರಳೋ ಮೂರು ಬೆರಳೋ ಅಂತ ಜಗಳವಾಯ್ತಂತೆ, ಅದಕ್ಕೂ ಜನ ಸಾಯ್ತಾರಾ?

ಸತ್ತರು. ಶಿಲುಬೆಯ ಸನ್ನೆ ಮಾಡಲು ಎರಡು ಬೆರಳು ಸಾಲದು, ಗ್ರೀಕರಂತೆ ಮೂರು ಬೇಕು ಎಂದು ಧರ್ಮಗುರು ನಿಕಾನ್ ಪದ್ಧತಿ ತಿದ್ದಿದ. 1666ರಲ್ಲಿ ಮಾಸ್ಕೋದಲ್ಲಿ ಸೇರಿ ಮರುವರ್ಷಕ್ಕೆ ಮುಂದುವರಿದ ಮಹಾಸಭೆ ನಿಕಾನನನ್ನು ಪೀಠದಿಂದ ಇಳಿಸಿತು, ಅವನ ತಿದ್ದುಪಡಿಯನ್ನು ಮಾತ್ರ ಉಳಿಸಿಕೊಂಡಿತು! ತಿದ್ದುಪಡಿ ಒಪ್ಪದ ಪಾದ್ರಿ ಅವ್ವಾಕುಮ್ ಬಹಿಷ್ಕೃತನಾಗಿ, 1682ರಲ್ಲಿ ಜೀವಂತ ಸುಡಲ್ಪಟ್ಟ. ಬೆರಳು ನೆಪ. ಅಜ್ಜ ಅಜ್ಜಿ ಮಾಡಿದ ಪ್ರಾರ್ಥನೆ ತಪ್ಪು ಎಂದು ಮೇಲಿನವರು ಹೇಳಿದಾಗ ಒಳಗೆ ಏನು ಉರಿಯುತ್ತದೋ, ಅದು ಉರಿಯಿತು.

## ಪಟ್ಟು ಹಿಡಿದವರು ಕೇಳುವವು

ಡಚ್ಚರು ಲಂಡನ್ ಬೆಂಕಿಗೆ ಖುಷಿಪಟ್ಟದ್ದು ಯಾಕೆ?

ಅದಕ್ಕೆ ಮೂರು ವಾರ ಮುಂಚೆ ಇಂಗ್ಲಿಷ್ ಅಡ್ಮಿರಲ್ ರಾಬರ್ಟ್ ಹೋಮ್ಸ್ ಡಚ್ ಕರಾವಳಿಯಲ್ಲಿ ಲಂಗರು ಹಾಕಿದ್ದ ಸುಮಾರು 140 ವ್ಯಾಪಾರಿ ಹಡಗುಗಳನ್ನು ಸುಟ್ಟು, ಪಕ್ಕದ ಟೆರ್ಶೆಲಿಂಗ್ ದ್ವೀಪದ ಊರಿಗೂ ಕೊಳ್ಳಿ ಇಟ್ಟಿದ್ದ. ಲಂಡನ್ನಿನಲ್ಲಿ ಆಗ ಸಂಭ್ರಮವೋ ಸಂಭ್ರಮ. ಜೂನ್‌ನ ನಾಲ್ಕು ದಿನಗಳ ಕದನದಲ್ಲಿ ಡಚ್ ಅಡ್ಮಿರಲ್ ಡೆ ರಾಯ್ಟರ್‌ನಿಂದ ತಿಂದ ಪೆಟ್ಟಿಗೆ ಸೇಡು ತೀರಿತೆಂಬ ಭಾವ. ಹಾಗಾಗಿ ಲಂಡನ್ ಹೊತ್ತಿದಾಗ ಡಚ್ಚರು, ಮಾಡಿದ್ದುಣ್ಣೋ ಮಹಾರಾಯ ಎಂದರು.

ಒಂದೇ ಘಟನೆಗೆ ಪುಸ್ತಕಗಳಲ್ಲಿ ಎರಡೆರಡು ತಾರೀಖು ಯಾಕೆ?

ಇಂಗ್ಲೆಂಡು ಆಗ ಹಳೆಯ ಜೂಲಿಯನ್ ಪಂಚಾಂಗದಲ್ಲಿತ್ತು. ಫ್ರಾನ್ಸ್, ಸ್ಪೇನ್, ಹಾಲೆಂಡಿನ ಬಹುಭಾಗ ಗ್ರೆಗೋರಿಯನ್‌ಗೆ ಬದಲಾಗಿದ್ದವು. ನಡುವೆ ಹತ್ತು ದಿನದ ಅಂತರ. ಮೊಘಲ್ ತಾರೀಖುಗಳನ್ನು ಇಂಗ್ಲಿಷಿಗೆ ಇಳಿಸಿದ ಹಲವು ಇತಿಹಾಸಕಾರರೂ ಹಳೆಯ ಪದ್ಧತಿಯನ್ನೇ ಬಳಸಿದರು. ಹಾಗಾಗಿ ಷಹಜಹಾನ್ ಸತ್ತದ್ದು ಒಂದರಲ್ಲಿ ಜನವರಿ 22, ಇನ್ನೊಂದರಲ್ಲಿ ಫೆಬ್ರುವರಿ 1. ಎರಡೂ ಒಂದೇ ದಿನ. ಪಟ್ನಾದಲ್ಲಿ ಗುರು ಗೋವಿಂದ ಸಿಂಗರು ಹುಟ್ಟಿದ್ದು 1666ರ ಡಿಸೆಂಬರ್ 22 ಎನ್ನುತ್ತೇವಲ್ಲ, ಗ್ರೆಗೋರಿಯನ್ ಲೆಕ್ಕಕ್ಕೆ ಅದು 1667ರ ಜನವರಿ 1. ಇಡೀ ವರ್ಷವೇ ಬದಲಾಯಿತು.

ನ್ಯೂಟನ್ ಬಿಟ್ಟರೆ ವಿಜ್ಞಾನದಲ್ಲಿ ಬೇರೇನೂ ಇಲ್ವಾ?

ಇದೆ. ಇಟಲಿಯಲ್ಲಿ ಖಗೋಳಜ್ಞ ಕಸ್ಸೀನಿ ಮಂಗಳದ ಮೇಲಿನ ಕಲೆಗಳನ್ನು ಗಮನಿಸಿ ಅದು ತನ್ನ ಸುತ್ತ ಒಮ್ಮೆ ತಿರುಗಲು 24 ಗಂಟೆ 40 ನಿಮಿಷ ಬೇಕು ಎಂದ. ಇವತ್ತಿನ ಲೆಕ್ಕಕ್ಕೆ ಎರಡು ಮೂರು ನಿಮಿಷ ಹೆಚ್ಚು, ಅಷ್ಟೆ. ಇಂಗ್ಲೆಂಡಿನಲ್ಲಿ ರಿಚರ್ಡ್ ಲೋವರ್ ಒಂದು ನಾಯಿಯ ರಕ್ತವನ್ನು ಇನ್ನೊಂದಕ್ಕೆ ಹರಿಸಿದ ಪ್ರಯೋಗ ಪ್ರಕಟವಾಯಿತು. ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮಂತ್ರಿ ಕೊಲ್ಬೆರ್ ವಿಜ್ಞಾನ ಅಕಾಡೆಮಿ ಶುರು ಮಾಡಿಸಿದ.

ಸರಿ, ಎಲ್ಲಾ ಒಂದೇ ಪಂಚಾಂಗಕ್ಕೆ ತಂದು ನೋಡಿದ್ದೀರಾ? ಒಟ್ಟೊಟ್ಟಿಗೆ ಬರೋದು ಯಾವುದಾದ್ರೂ ಇದೆಯಾ?

ಈ ಪ್ರಶ್ನೆ ಮೊದಲು ಕೇಳಿದ್ದು ಒಬ್ಬ ಹೈಸ್ಕೂಲು ಹುಡುಗಿ. ಮನೆಗೆ ಬಂದು ಲೆಕ್ಕ ಹಾಕಿ ಬೆರಗಾದೆ. ಎಲ್ಲವನ್ನೂ ಗ್ರೆಗೋರಿಯನ್‌ಗೆ ತಂದರೆ, ಶಿವಾಜಿ ಆಗ್ರಾದಿಂದ ಹೊರಬಿದ್ದ ದ್ವಾದಶಿ ಆಗಸ್ಟ್ 27. ಎಂಟು ದಿನ ಕಳೆದು, ಸೆಪ್ಟೆಂಬರ್ 4ರ ರಾತ್ರಿ ಹಾಮೆಲ್ ದೋಣಿ ಬಿಚ್ಚಿದ. ಇನ್ನೆಂಟು ದಿನಕ್ಕೆ, 12ರ ನಸುಕಿಗೂ ಮುಂಚೆ, ಫ್ಯಾರಿನರ್‌ನ ಬೇಕರಿ ಹೊತ್ತಿತು. 16ರ ಗುರುವಾರ ಲಂಡನ್ನಿನವರು ಹೊಗೆಯಾಡುವ ತೊಲೆಗಳ ಮೇಲೆ ನೀರು ಹೊಯ್ಯುತ್ತಿದ್ದಾಗ, ತುರ್ಕಿಯ ಎಡಿರ್ನೆಯಲ್ಲಿ ಸುಲ್ತಾನನ ಅರಮನೆಯಲ್ಲಿ ಸಬ್ಬತಾಯ್ ರುಮಾಲು ಸುತ್ತಿಕೊಳ್ಳುತ್ತಿದ್ದ. ನಮ್ಮ ಲೆಕ್ಕದಲ್ಲಿ ಶ್ರಾವಣದ ಕೊನೆಯಿಂದ ಭಾದ್ರಪದದ ಹುಣ್ಣಿಮೆ ಕಳೆಯುವವರೆಗೆ, ಇಪ್ಪತ್ತೊಂದು ದಿನ. ಸೂರತ್‌ನಿಂದ ಲಂಡನ್ನಿಗೆ ಹಡಗಿನಲ್ಲಿ ಕಾಗದ ಹೋಗಲು ಆರೇಳು ತಿಂಗಳು ಹಿಡಿಯುತ್ತಿದ್ದ ಕಾಲ. ಈ ನಾಲ್ಕೂ ಕಡೆಯವರಲ್ಲಿ ಒಬ್ಬನಿಗೂ ಉಳಿದ ಮೂವರ ಸುದ್ದಿ ಆ ದಿನಗಳಲ್ಲಿ ಮುಟ್ಟಿರಲಿಲ್ಲ.